ಅಳೆಯುವ ಕೈ, ಕೊಸರಿನ ಕೈ

ಸಂತೆಯಲ್ಲಿ ತರಕಾರಿ ಮಾರುವವರಿಗೆ ತಕ್ಕಡಿಗಿಂತ ದೊಡ್ಡದು ಕೊಸರು. ಒಂದು ಕೆಜಿ ಹುರುಳಿಕಾಯಿ ತೂಗಿ, ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೂ ಕೊಳ್ಳುವವಳು ಚೀಲದ ಬಾಯಿ ಮುಚ್ಚುವುದಿಲ್ಲ. ಮೇಲೆ ಇನ್ನೊಂದು ಹಿಡಿ ಬೀಳಲಿ ಎಂದು ಕಾಯುತ್ತಾಳೆ. ಆ ಹಿಡಿಯೇ ಕೊಸರು. ಅದಕ್ಕೆ ಲೆಕ್ಕವಿಲ್ಲ, ಆದರೆ ಅದಿಲ್ಲದೆ ಗಿರಾಕಿ ಮುಂದಿನ ವಾರ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನ ಬಲಗೈಗೆ ಈ ಕೊಸರು ಎಷ್ಟು ರೂಢಿಯಾಗಿತ್ತೆಂದರೆ, ಅದೇ ಕೈ ನನ್ನನ್ನು ನರ್ಸಿಂಗ್ ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲು ಮಾಡಿಸಿತು.

ನನ್ನ ತವರು ಕನಕಪುರದ ಕಡೆಯ ದೊಡ್ಡಆಲಹಳ್ಳಿ. ಕೊಟ್ಟಿದ್ದು ಚನ್ನಪಟ್ಟಣದ ಬೈರಾಪಟ್ಟಣಕ್ಕೆ. ಎರಡೂ ಹೊಲ ಗದ್ದೆ ಇರುವ ಮನೆಗಳೇ. ಬೆಳೆದದ್ದನ್ನು ದಲ್ಲಾಳಿಗಳ ಮಂಡಿಯಲ್ಲಿ ಸುರಿದು, ಅವರು ಹೇಳಿದ ರೇಟಿಗೆ ತಲೆಯಾಡಿಸಿ ಬರುವುದು ಎರಡೂ ಮನೆಯ ಗಂಡಸರ ಪದ್ಧತಿ. ಮದುವೆಯಾಗಿ ಬಂದ ಮೇಲೆ ನಾನು, ‘ಅದ್ಯಾಕೆ ಅಲ್ಲಿ ಸುರಿಯೋದು, ಸಂತೇಲಿ ನಾನೇ ಕೂತು ಮಾರ್ತೀನಿ’ ಎಂದೆ. ನನ್ನ ಗಂಡ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಅವರ ಸ್ವಭಾವವೇ ಅದು. ಅತ್ತೆ ಮಾತ್ರ ಸಿಡಿದರು. ‘ಒಲ ಇರೋರ ಮನೆ ಸೊಸೆ ಟಾರ್ಪಾಲ್ ಮ್ಯಾಲೆ ಕುಂತ್ಕಂಡು ಬದ್ನೆಕಾಯಿ ಮಾರದಾ? ನೆಂಟರು ಕಂಡ್ರೆ ಏನಂದಾರು?’

‘ನೆಂಟರು ಕಂಡ್ರೆ ಅವ್ರಿಗೂ ಮಾರ್ತೀನಿ ಅತ್ತೆ’ ಎಂದಿದ್ದೆ.

ಹಾಗೆ ಶುರುವಾದದ್ದು. ಗಿರಾಕಿಯ ಮುಖ ನೋಡಿ ಬೆಲೆ ಹೇಳುವುದು, ಅವರು ಎರಡು ಹೆಜ್ಜೆ ಮುಂದೆ ಹೋದ ಮೇಲೆ ಕರೆಯುವುದು, ಚೌಕಾಸಿಯಲ್ಲಿ ಸೋತಂತೆ ಕಂಡು ಗೆಲ್ಲುವುದು, ಎಲ್ಲವನ್ನೂ ಆ ಟಾರ್ಪಾಲಿನ ಮೇಲೆ ಕಲಿತೆ. ಯಾರೂ ಹೇಳಿಕೊಟ್ಟಿದ್ದಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ತರಬೇತಿಯ ಆಸ್ಪತ್ರೆ ವಾರ್ಡಿನಲ್ಲಿ ನನ್ನ ಕೈ ಹಿಡಿದದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಈ ವಿದ್ಯೆಯೇ. ಸೂಜಿಗೆ ಹೆದರಿ ಮಗ್ಗುಲು ತಿರುಗಿ ಮಲಗಿದ ಮುದುಕನನ್ನು ಒಪ್ಪಿಸುವುದೂ ಒಂದು ವ್ಯಾಪಾರವೇ.

ನರ್ಸಿಂಗ್ ಕಡೆ ಮನಸ್ಸು ಹೋದದ್ದು ನನ್ನ ಎರಡನೇ ಹೆರಿಗೆಯಲ್ಲಿ. ವಾರ್ಡಿನಲ್ಲಿದ್ದ ನರ್ಸಮ್ಮ ಜಾಸ್ತಿ ಮಾತಾಡುತ್ತಿರಲಿಲ್ಲ. ಬಂದು ಹಣೆ ಮುಟ್ಟಿ, ‘ಆಗುತ್ತೆ, ಇನ್ನೊಂಚೂರು’ ಎನ್ನುತ್ತಿದ್ದರು. ಅಷ್ಟಕ್ಕೇ ಇಡೀ ವಾರ್ಡು ತಣ್ಣಗಾಗುತ್ತಿತ್ತು. ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿ ಯೋಚಿಸಿದೆ: ತರಕಾರಿ ಸಂಜೆಗೆ ಬಾಡುತ್ತದೆ, ಕಲಿತ ಕೆಲಸ ಬಾಡುವುದಿಲ್ಲ. ಪಿಯುಸಿ ಪಾಸಾಗಿದ್ದೆ. ಮಕ್ಕಳು ಸ್ಕೂಲಿಗೆ ಹೋಗುವಷ್ಟಾದ ಮೇಲೆ ರಾಮನಗರದಲ್ಲಿ ಎರಡು ವರ್ಷದ ಎ.ಎನ್.ಎಂ. ಕೋರ್ಸಿಗೆ ಸೇರಿದೆ. ದಿನಾ ಮನೆಯಿಂದಲೇ ಓಡಾಟ, ಸಂತೆಯನ್ನೂ ಬಿಡಲಿಲ್ಲ. ಹಳ್ಳಿಗಳಲ್ಲಿ ಹೆರಿಗೆ, ಚುಚ್ಚುಮದ್ದು, ತಾಯಿ ಮಗುವಿನ ಆರೈಕೆ ನೋಡಿಕೊಳ್ಳುವ ನರ್ಸುಗಳ ಕೋರ್ಸು ಅದು. ಕೊನೆಯ ಪರೀಕ್ಷೆ ಪಾಸಾದರೆ ನೋಂದಣಿ ಸಿಗುತ್ತದೆ. ನೋಂದಣಿ ಇಲ್ಲದವರು ಎಷ್ಟೇ ಕಲಿತಿದ್ದರೂ ಸಿರಿಂಜು ಮುಟ್ಟುವಂತಿಲ್ಲ.

ತರಗತಿಯಲ್ಲಿ ಎಲ್ಲರೂ ಹದಿನೆಂಟು ಹತ್ತೊಂಬತ್ತರ ಹುಡುಗಿಯರು. ನಾನೊಬ್ಬಳೇ ‘ಅಕ್ಕ’. ಮಾಗಡಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬಳು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಅವಳಿಗೆ ಇಂಗ್ಲಿಷಿನ ಔಷಧದ ಹೆಸರುಗಳು ನೀರು ಕುಡಿದಂತೆ. ನನಗೆ ಒಂದೊಂದೂ ಗಂಟಲಲ್ಲಿ ಸಿಕ್ಕಿಕೊಳ್ಳುವ ಮೀನಿನ ಮುಳ್ಳು. ಅವಳಿಗೆ ರೋಗಿಯ ಮುಂದೆ ನಿಂತರೆ ನಾಲಿಗೆ ಒಣಗುತ್ತಿತ್ತು. ನನಗೆ ಅದು ತೊಂದರೆಯೇ ಅಲ್ಲ. ಒಪ್ಪಂದ ಮಾಡಿಕೊಂಡೆವು. ಅವಳು ನನಗೆ ಹೆಸರು ಬಾಯಿಪಾಠ ಮಾಡಿಸಬೇಕು, ನಾನು ಅವಳಿಗೆ ಮಾತು ಕಲಿಸಬೇಕು. ಮೇಲೆ ಮನೆಯಿಂದ ಎಳೇ ಸೌತೆಕಾಯಿ ತರಬೇಕು ಎಂದು ಅವಳೇ ಸೇರಿಸಿದಳು. ‘ಕೊಸರು ಕೇಳ್ತೀಯ? ನೀನು ನನಗಿಂತ ದೊಡ್ಡ ವ್ಯಾಪಾರಸ್ಥೆ’ ಎಂದೆ. ಪರೀಕ್ಷೆಗೆ ಓದುವವರಿಗೆ ನನ್ನ ಮೊದಲ ಬುದ್ಧಿಮಾತು ಇದೇ: ನಿಮಗೆ ಬಾರದ್ದು ಬರುವವರನ್ನು ಹುಡುಕಿ, ಆದರೆ ಬಿಟ್ಟಿ ಕೇಳಬೇಡಿ. ನಿಮಗೆ ಬರುವುದನ್ನು ಬದಲಿಗೆ ಕೊಡಿ. ಬಿಟ್ಟಿಯಾಗಿ ಹೇಳಿಸಿಕೊಂಡದ್ದು ಮನೆ ತಲುಪುವಷ್ಟರಲ್ಲಿ ಮರೆತುಹೋಗಿರುತ್ತದೆ.

ಬರೆಯುವ ಪರೀಕ್ಷೆ ಹೇಗೋ ದಾಟಿತು. ಪ್ರಾಯೋಗಿಕದ ದಿನ ಉದ್ದನೆಯ ಮೇಜಿನ ಮೇಲೆ ಟ್ರೇ, ಔಷಧದ ಬಾಟಲಿ, ಗೆರೆ ಹಾಕಿದ ಸಣ್ಣ ಕಪ್ಪು, ಪಕ್ಕದಲ್ಲಿ ಮಗುವಿನ ಗೊಂಬೆ. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕಿ, ‘ಮಗುವಿಗೆ ಐದು ಎಂ.ಎಲ್. ಸಿರಪ್ ಕೊಡಬೇಕು. ಮಾಡಿ ತೋರಿಸಿ’ ಎಂದರು.

ಕೈ ತೊಳೆದೆ. ಚೀಟಿ ಓದಿದೆ. ಬಾಟಲಿಯ ಲೇಬಲ್ಲು ಅಂಗೈಗೆ ಬರುವಂತೆ ಹಿಡಿದೆ. ಔಷಧ ಸೋರಿದರೂ ಹೆಸರು ಅಳಿಸಬಾರದು ಎಂದು ಹಾಗೆ ಹಿಡಿಯುವುದು. ಕಪ್ಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಐದರ ಗೆರೆಗೆ ಹೆಬ್ಬೆರಳ ಉಗುರು ಇಟ್ಟು ಸುರಿದೆ. ಸಿರಪ್ಪು ಗೆರೆಗೆ ಸರಿಯಾಗಿ ನಿಂತಿತು. ತಕ್ಕಡಿಯ ಮುಳ್ಳಿನ ಹಾಗೆ ನೆಟ್ಟಗೆ. ಆಮೇಲೆ ನನ್ನ ಮಣಿಕಟ್ಟು ಇನ್ನೊಮ್ಮೆ ಬಾಗಿತು.

‘ಇದೇನಮ್ಮ?’ ಎಂದರು ಪರೀಕ್ಷಕಿ.

ನೋಡಿದರೆ ಸಿರಪ್ಪು ಗೆರೆ ದಾಟಿದೆ. ವ್ಯಾಪಾರದ ಬಾಯಿ ಸುಮ್ಮನಿರುತ್ತದೆಯೇ? ‘ಕಪ್ಪಿನಲ್ಲಿ ಒಂದಿಷ್ಟು ಅಂಟಿಕೊಳ್ಳುತ್ತಲ್ಲ ಮೇಡಂ, ಅದಕ್ಕೆ ಇರಲಿ ಅಂತ’ ಎಂದೆ.

‘ಇರಲಿ ಅಂದ್ರೆ?’

‘ಚೂರೇ ಚೂರು ಮೇಡಂ.’

‘ಚೂರು ಅಂದ್ರೆ ಎಷ್ಟು ಎಂ.ಎಲ್.?’

ಕೊಸರನ್ನು ಯಾರೂ ಎಂದೂ ಅಳೆದು ನೋಡಿಲ್ಲ. ಮುಂದಿನ ಮೇಜಿನಲ್ಲಿ ಸಿರಿಂಜಿಗೆ ನೀರು ಎಳೆಯುವಾಗಲೂ ಕೈ ಅದನ್ನೇ ಮಾಡಿತು. ಔಷಧ ಕೊಡುವುದರಲ್ಲಿ ತಪ್ಪಿದವರಿಗೆ ಉಳಿದದ್ದರಲ್ಲಿ ಎಷ್ಟು ನಂಬರ್ ಬಂದರೇನು? ಫಲಿತಾಂಶ ಬಂದಾಗ ಪ್ರಾಯೋಗಿಕದಲ್ಲಿ ನಾನು ಫೇಲು. ಮಾಗಡಿಯ ಹುಡುಗಿ ಪಾಸು. ಅವಳು ಫೋನಿನಲ್ಲಿ ತನ್ನ ಪಾಸಿನ ಸುದ್ದಿ ಹೇಳುವುದನ್ನೇ ಬಿಟ್ಟು ನನಗಾಗಿ ಅತ್ತಳು. ಅವಳಿಗೆ ನಾನೇ ಸಮಾಧಾನ ಹೇಳಬೇಕಾಯಿತು.

ಮರುಪರೀಕ್ಷೆಗೆ ಕೆಲವು ತಿಂಗಳಿತ್ತು. ಅಂದು ಊಟಕ್ಕೆ ಕೂತಾಗ ನನ್ನ ಗಂಡ ಅಪರೂಪಕ್ಕೆ ಬಾಯಿ ಬಿಟ್ಟು, ‘ಇನ್ನೊಂದ್ ಸಲ ಕಟ್ಟು. ಅದಕ್ಕೂ ಆಗ್ನಿಲ್ಲ ಅಂದ್ರೆ ಬುಟ್ಬುಡು. ಒಲ ಮನೆ ಎಲ್ಲಾ ಅಮ್ಮನ ತಲೆ ಮ್ಯಾಲೆ ಬಿದ್ದೈತೆ’ ಎಂದರು. ಸುಳ್ಳಲ್ಲ. ಎರಡು ವರ್ಷ ನನ್ನ ಮಕ್ಕಳ ಜಡೆ ಹಾಕಿ, ಊಟದ ಡಬ್ಬಿ ಕಟ್ಟಿ, ಹಸುವಿನ ಹಾಲು ಕರೆದದ್ದು ಅತ್ತೆಯೇ. ಹಾಗಾಗಿ ನನಗೆ ಉಳಿದದ್ದು ಒಂದೇ ಅವಕಾಶ. ನಾನು ಎಷ್ಟು ಚೌಕಾಸಿ ಮಾಡಿದರೂ ಅದು ಎರಡಾಗುತ್ತಿರಲಿಲ್ಲ.

ಮಾರನೇ ದಿನ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ, ‘ಎಲ್ ತಪ್ತು ಅಂತ ತೋರ್ಸಮ್ಮಿ ನೋಡವ’ ಎಂದರು. ಕೆಮ್ಮಿನ ಔಷಧದ ಹಳೇ ಬಾಟಲಿಗೆ ನೀರು ತುಂಬಿ, ಅದರ ಮುಚ್ಚಳಕ್ಕೆ ಸುರಿದು ತೋರಿಸಿದೆ. ಅಲ್ಲೂ ಕೈ ಗೆರೆಗೆ ನಿಂತು, ಆಮೇಲೆ ಬಾಗಿತು. ಅತ್ತೆ ಕಾಯಿ ಸುಲಿಯುವುದನ್ನು ಬಿಟ್ಟು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕರು.

‘ಅಯ್ಯೋ ನನ್ ಮಗ್ಳೆ! ಔಸ್ದಿಗೂ ಕೊಸ್ರು ಆಕ್ಬುಟ್ಟಲ್ಲ!’

ನನಗೆ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ಗಾಬರಿಯಿಂದ ಕೈ ನಡುಗಿತು ಎಂದುಕೊಂಡಿದ್ದೆ. ನಡುಗಿದ್ದಲ್ಲ, ಅದು ತನ್ನ ಧರ್ಮ ಪಾಲಿಸಿತ್ತು. ಸರಿಯಾಗಿ ತೂಗಿ ಅಲ್ಲಿಗೇ ನಿಲ್ಲಿಸುವುದು ನಮ್ಮ ಕಡೆ ಜಿಪುಣತನ. ಅದನ್ನು ಮೈ ಒಪ್ಪುವುದಿಲ್ಲ.

ಕಾರಣ ಗೊತ್ತಾಯಿತಲ್ಲ, ಇನ್ನೇನು ಸುಲಭ ಎಂದುಕೊಂಡು, ಕೊಸರನ್ನೇ ನಿಲ್ಲಿಸಿಬಿಡುವುದೆಂದು ತೀರ್ಮಾನಿಸಿದೆ. ಮುಂದಿನ ಸಂತೆಯಲ್ಲಿ ತೂಗಿದೆ, ಮುಳ್ಳು ನಿಂತ ಕೂಡಲೇ ಚೀಲಕ್ಕೆ ಸುರಿದೆ, ಕೈ ಕಟ್ಟಿಕೊಂಡು ಕೂತೆ. ವಾರವಾರವೂ ನನ್ನ ಹತ್ತಿರವೇ ಕೊಳ್ಳುವ ಹೆಂಗಸೊಬ್ಬಳು ಚೀಲ ತೆರೆದುಕೊಂಡೇ ನಿಂತಳು.

‘ಏನಕ್ಕ, ಮರ್ತೋಯ್ತಾ?’

‘ಇಲ್ಲ ಕಣವ್ವ. ಇನ್ಮೇಲೆ ಕೊಸ್ರಿಲ್ಲ. ಪರೀಕ್ಷೆ ಐತೆ.’

‘ಪರೀಕ್ಷೆ ನಿಂಗಾ, ನನ್ ಹುರುಳಿಕಾಯ್ಗಾ?’

ಅವಳ ಹಿಂದೆ ನಿಂತಿದ್ದ ಇನ್ನೊಬ್ಬಳು, ‘ಬಾರಮ್ಮಿ ಅತ್ಲಗೆ. ನರ್ಸಮ್ಮ ಆಗೋಕ್ ಮುಂಚೆನೇ ಇವ್ಳ ಕೈ ಸೂಜಿ ಮೊನೆ ಆಗೋಗೈತೆ’ ಎಂದು ಅವಳ ತೋಳು ಹಿಡಿದು ಎಳೆದುಕೊಂಡು ಹೋದಳು. ಅಂದು ಸಂಜೆ ಅರ್ಧಕ್ಕರ್ಧ ಬದನೆಕಾಯಿ ಮನೆಗೆ ವಾಪಸ್ಸು ಬಂತು. ಹಸುಗಳಿಗೆ ಮಾತ್ರ ಹಬ್ಬ.

ಆ ಬದನೆಕಾಯಿ ಮೂಟೆ ನೋಡಿಯೇ ಇರಬೇಕು, ಮುಂದಿನ ಸಂತೆಯ ದಿನ ಬೆಳಿಗ್ಗೆ ಅತ್ತೆ ಒಗೆದ ಸೀರೆ ಉಟ್ಟು, ತಲೆ ಬಾಚಿ, ಚೀಲದಲ್ಲಿ ಎಲೆ ಅಡಿಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

‘ಎಲ್ಲಿಗತ್ತೆ?’

‘ಸಂತೆಗೆ. ನೀನು ತೂಗು. ಕೊಸ್ರು ನಾನಾಕ್ತೀನಿ.’

‘ನೀವಾ? ಟಾರ್ಪಾಲ್ ಮ್ಯಾಲೆ ಕೂರ್ತೀರಾ?’

‘ಯಾಕೆ, ಟಾರ್ಪಾಲು ನಿಮ್ಮಪ್ಪನ ಮನೆದಾ? ನಡಿ ನಡಿ, ಆಟೋ ಓಗ್ಬುಟ್ಟಾತು.’

ಹಿಂದೊಮ್ಮೆ ಸಿಡಿದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಟಾರ್ಪಾಲಿನ ಮೇಲೆ ಹಳೇ ಕಂಬಳಿ ಮಡಿಸಿ ಹಾಕಿಕೊಟ್ಟೆ. ಕೂತರು. ಮೊದಲ ಗಿರಾಕಿಗೆ ನಾನು ತೂಗಿದೆ. ಮುಳ್ಳು ನೆಟ್ಟಗಾಯಿತು. ಚೀಲಕ್ಕೆ ಸುರಿದು ತಟ್ಟೆ ಕೆಳಗಿಟ್ಟೆ. ಬಲಗೈ ತಾನಾಗಿಯೇ ರಾಶಿಯ ಕಡೆ ಹೊರಟಿತು. ಅತ್ತೆ ಅದರ ಮೇಲೆ ಪಟ್ಟೆಂದು ಏಟು ಕೊಟ್ಟರು. ‘ನಿನ್ ಕೆಲ್ಸ ಆಯ್ತು’ ಎಂದು, ತಾವೇ ಒಂದು ಹಿಡಿ ತೆಗೆದು ಚೀಲಕ್ಕೆ ಹಾಕಿದರು.

ಸಂತೆಯಿಂದ ಸಂತೆಗೆ ಹೀಗೇ ನಡೆಯಿತು. ಅಳೆಯುವ ಕೈ ನನ್ನದು, ಕೊಸರಿನ ಕೈ ಅವರದು. ಶುರುವಿನಲ್ಲಿ ನನ್ನ ಮುಂಗೈ ಕೆಂಪಗಾಗುವಷ್ಟು ಏಟು ತಿಂದಿದೆ. ಗಿರಾಕಿಗಳಿಗೆ ಅದೊಂದು ತಮಾಷೆ. ‘ಒಡೀರವ್ವ ಒಡೀರಿ, ಇಲ್ದಿದ್ರೆ ಬುದ್ಧಿ ಬರಾಕಿಲ್ಲ’ ಎಂದು ಪಕ್ಕದ ಸೊಪ್ಪಿನವಳು ಅತ್ತೆಯನ್ನು ಹುರಿದುಂಬಿಸುತ್ತಿದ್ದಳು. ಬರಬರುತ್ತಾ ಏಟು ಕಮ್ಮಿಯಾಯಿತು. ತಟ್ಟೆ ಕೆಳಗಿಟ್ಟ ಕೂಡಲೇ ನನ್ನ ಕೈ ತೊಡೆಯ ಮೇಲೆ ಬಂದು ಮಲಗುವುದನ್ನು ಕಲಿಯಿತು.

ಅತ್ತೆಯ ಕೊಸರಿಗೂ ನನ್ನದಕ್ಕೂ ಅಜಗಜಾಂತರವಿತ್ತು. ನಾನು ಎಲ್ಲರಿಗೂ ಒಂದೇ ಹಿಡಿ ಹಾಕುತ್ತಿದ್ದೆ, ಗಿರಾಕಿ ಉಳಿಯಲಿ ಎಂದು. ಅವರು ಮುಖ ನೋಡಿ ಹಾಕುತ್ತಿದ್ದರು. ಬಸುರಿ ಬಂದರೆ ಒಂದು ಕಟ್ಟು ನುಗ್ಗೆಸೊಪ್ಪೇ ಹೋಗಿಬಿಡುತ್ತಿತ್ತು. ಜೋರು ಬಾಯಿಯವಳಿಗೆ ಒಂದೇ ಒಂದು ಹಸಿಮೆಣಸಿನಕಾಯಿ. ‘ನಂಗೆ ಇಷ್ಟೇಯಾ?’ ಎಂದು ಅವಳು ಕೇಳಿದರೆ, ‘ನಿಂಗೆ ಖಾರ ಆಗ್ಲೇ ಜಾಸ್ತಿ ಐತೆ ಬುಡು’ ಎನ್ನುತ್ತಿದ್ದರು. ಹೀಗೆ ಕೊಟ್ಟರೆ ನಾವು ಉಳಿಯುವುದು ಹೇಗೆ ಎಂದು ಆಟೋದಲ್ಲಿ ನಾನು ಜಗಳವಾಡಿದ್ದೂ ಉಂಟು. ಆದರೆ ವ್ಯಾಪಾರ ಕುದುರಿತು. ಅದನ್ನೂ ಹೇಳಬೇಕು.

ಸಂತೆಯಿಲ್ಲದ ದಿನ ಅಡುಗೆಮನೆಯೇ ನನ್ನ ಲ್ಯಾಬು. ಮಾಗಡಿಯ ಹುಡುಗಿ ಅಷ್ಟರಲ್ಲಿ ಹಾರೋಹಳ್ಳಿಯ ಕಾರ್ಖಾನೆಯೊಂದರ ಡಿಸ್ಪೆನ್ಸರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಅಲ್ಲಿಂದಲೇ ವಿಡಿಯೊ ಕಾಲ್ ಮಾಡಿ, ನಾನು ನೀರು ಸುರಿಯುವುದನ್ನು ನೋಡಿ, ‘ಅಕ್ಕ, ಕಪ್ಪು ಕೆಳಗೆ ಹೋಯ್ತು, ಕಣ್ಣಿನ ಮಟ್ಟಕ್ಕೆ ಎತ್ತಿ’ ಎನ್ನುತ್ತಿದ್ದಳು. ಅವಳ ಹಿಂದೆ ಕಾರ್ಖಾನೆಯ ಜನರ ಸಾಲು ಕಾಣುತ್ತಿತ್ತು. ಈಗ ಅವಳಿಗೆ ಅವರ ಮುಂದೆ ನಾಲಿಗೆ ಒಣಗುವುದಿಲ್ಲ. ಇನ್ನು ಸೌತೆಕಾಯಿ ಕಳಿಸುವುದು ಹೇಗೆ ಎಂದರೆ, ‘ಬರೆದಿಟ್ಕೊಳ್ಳಿ, ಒಟ್ಟಿಗೇ ತಿಂತೀನಿ’ ಎನ್ನುತ್ತಿದ್ದಳು.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಪರೀಕ್ಷೆಯ ಹಿಂದಿನ ದಿನ ಹೊಸದೇನನ್ನೂ ಓದಬೇಡಿ. ಹೊಸ ಚಪ್ಪಲಿಯನ್ನೂ ಹಾಕಬೇಡಿ. ಇಡೀ ದಿನ ನಿಂತಿರಬೇಕು, ಹಿಮ್ಮಡಿ ಕಚ್ಚಿದರೆ ಓದಿದ್ದೆಲ್ಲ ಕಾಲಿಗಿಳಿಯುತ್ತದೆ.

ಮರುಪರೀಕ್ಷೆಯ ಬೆಳಿಗ್ಗೆ ಅತ್ತೆ ನನ್ನನ್ನು ಚನ್ನಪಟ್ಟಣದ ರೈಲ್ವೆ ಸ್ಟೇಷನ್ನಿನವರೆಗೆ ಬಿಡಲು ಬಂದರು. ದೇವರ ಕುಂಕುಮ ಹಣೆಗಿಟ್ಟು, ನನ್ನ ಬಲಗೈ ಹಿಡಿದು, ಅದರ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟರು. ‘ಗ್ಯಾಪ್ಕ ಇರ್ಲಿ’ ಎಂದರು. ರೈಲಿನಲ್ಲಿ ರಾಮನಗರ ಬರುವವರೆಗೂ ಆ ಕೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡು ಕೂತಿದ್ದೆ.

ಈ ಸಲದ ಪರೀಕ್ಷಕಿ ಬೇರೆ. ವಯಸ್ಸಾದವರು, ದಪ್ಪ ಕನ್ನಡಕ. ಅದೇ ಮೇಜು, ಅದೇ ಗೊಂಬೆ. ‘ಐದು ಎಂ.ಎಲ್.’ ಎಂದರು. ಕಪ್ಪು ಕಣ್ಣಿನ ಮಟ್ಟಕ್ಕೆ ಬಂತು, ಉಗುರು ಗೆರೆಗೆ ಬಂತು, ಸಿರಪ್ಪು ಏರುತ್ತಾ ಗೆರೆಗೆ ನಿಂತಿತು. ಮಣಿಕಟ್ಟಿನೊಳಗೆ ಏನೋ ಮಿಡುಕಿತು. ಬಾಟಲಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತಿರುಗಿಸಿದೆ. ಗೊಂಬೆಯ ತಲೆ ಎತ್ತಿ ಹಿಡಿದು, ಕಪ್ಪಿನ ಅಂಚನ್ನು ಬಾಯಿಗೆ ತಾಗಿಸಿ ಔಷಧ ಕುಡಿಸಿದಂತೆ ಮಾಡಿ, ಕಪ್ಪು ಕೆಳಗಿಟ್ಟೆ. ಕೈಯನ್ನು ಮಗ್ಗುಲಿಗೆ ತಂದು ನಿಂತೆ.

ಪರೀಕ್ಷಕಿ ಕಪ್ಪು ನೋಡಿದರು, ನನ್ನ ಮುಖ ನೋಡಿದರು. ಚೌಕಾಸಿಯಲ್ಲಿ ಈ ಮೌನ ನನಗೆ ಚೆನ್ನಾಗಿ ಗೊತ್ತು. ಮೊದಲು ಬಾಯಿ ಬಿಟ್ಟವರು ಸೋಲುತ್ತಾರೆ. ಬಾಯಿ ಬಿಗಿದುಕೊಂಡು ನಿಂತೆ.

‘ಅಳತೆ ಸರಿಯಾಗಿದೆ’ ಎಂದರು ಕೊನೆಗೆ. ‘ಹೋದ ಸಲ ಯಾಕೆ ಹೋಯ್ತು?’

‘ಕೊಸರು ಹಾಕಿಬಿಟ್ಟೆ ಮೇಡಂ. ಸಂತೆಯಲ್ಲಿ ತರಕಾರಿ ಮಾರೋಳು ನಾನು.’

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು. ಆಮೇಲೆ ಗೊಂಬೆಯ ಕಡೆ ಬೆರಳು ತೋರಿಸಿ, ‘ಸರಿ. ಮಗುವಿನ ಬಾಯಿ ಯಾರಮ್ಮ ಒರೆಸೋದು?’ ಎಂದರು.

ಗೊಂಬೆಯ ಗಲ್ಲದ ಮೇಲೆ ಸಿರಪ್ಪಿನ ಗೆರೆಯೊಂದು ಇಳಿದಿತ್ತು. ಅಳತೆಯ ಧ್ಯಾನದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಟ್ರೇಯಲ್ಲಿದ್ದ ಬಟ್ಟೆ ತೆಗೆದು ಒರೆಸಿದೆ. ‘ಮೈ ಹತ್ತಿರಕ್ಕೆ ಒರಗಿಸಿಕೋ, ಬೆನ್ನು ಸವರು’ ಎಂದರು. ಸವರಿದೆ. ‘ಕೊಡೋ ಕೈ ಇದ್ದರೆ ಅದನ್ನ ಇಲ್ಲಿ ಕೊಡು. ಕಪ್ಪಿನಲ್ಲಿ ಬೇಡ’ ಎಂದು ಹೇಳಿ, ಮುಂದಿನ ಮೇಜಿಗೆ ಕಳಿಸಿದರು. ಅದಕ್ಕೆ ನಂಬರು ಕಳೆದಿರಬಹುದು, ನನಗೆ ಗೊತ್ತಿಲ್ಲ. ಕಳೆದಿದ್ದರೂ ಆ ಮಾತಿಗೆ ಹೋಲಿಸಿದರೆ ಅಗ್ಗವೇ.

ಪಾಸಾದೆ. ಸುದ್ದಿ ಬಂದಾಗ ಅತ್ತೆ ಕೊಟ್ಟಿಗೆಯಲ್ಲಿದ್ದರು. ‘ಆಯ್ತಾ? ಸರಿ, ಬಾ, ಕರು ಇಡ್ಕೊ’ ಎಂದರು. ಹಾಲು ಕರೆದು ಮುಗಿಯುವವರೆಗೂ ತಲೆ ಎತ್ತಲಿಲ್ಲ. ಎತ್ತಿದಾಗ ಸೆರಗಿನಿಂದ ಮುಖ ಒರೆಸಿಕೊಂಡು, ‘ಈ ಅಸ ಬಾಲದಲ್ ಒಡೀತು’ ಎಂದರು. ಕರುವಿನ ಜೊತೆಗೆ ಆ ಹಸುವಿನ ಬಾಲವೂ ನನ್ನ ಕೈಯಲ್ಲೇ ಇತ್ತು.

ನೋಂದಣಿ ಬಂದ ಮೇಲೆ ಚನ್ನಪಟ್ಟಣದ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದೆ. ಸೇರಿದ ಮೊದಲ ವಾರವೇ ಮೊಮ್ಮಗನನ್ನು ಎತ್ತಿಕೊಂಡು ಬಂದ ಅಜ್ಜಿಯೊಬ್ಬರು, ನಾನು ಕಪ್ಪಿಗೆ ಜ್ವರದ ಸಿರಪ್ಪು ಅಳೆದು ಹಾಕುವುದನ್ನೇ ನೋಡುತ್ತಿದ್ದವರು, ‘ಒಸಿ ಮ್ಯಾಲಾಕವ್ವ, ಬಿರ್‍ನೆ ವಾಸಿಯಾಗ್ಲಿ’ ಎಂದರು.

‘ಇದಕ್ ಕೊಸ್ರಿಲ್ಲ ಕಣಜ್ಜಿ.’

‘ಅದೇನಂಗಂತೀಯ? ಮಗೀಗಲ್ವ? ಒಂದ್ ತೊಟ್ಟು.’

‘ಒಂದ್ ತೊಟ್ಟೂ ಇಲ್ಲ. ಮ್ಯಾಲೆ ಹೋದ್ರೆ ಮಗೀಗೇ ತೊಂದ್ರೆ. ಬೇಕಾದ್ರೆ ನನ್ ತೊಡೆ ಮ್ಯಾಲೆ ಒಸಿ ಹೊತ್ತು ಮಲಗ್ಸಿ, ಜ್ವರ ಇಳಿಯೋಗಂಟ ನೋಡ್ಕತೀನಿ.’

ಅಜ್ಜಿ ಯೋಚಿಸಿ, ವ್ಯಾಪಾರ ಪರವಾಗಿಲ್ಲ ಎನ್ನುವಂತೆ ಮಗುವನ್ನು ನನ್ನ ಕೈಗೆ ಕೊಟ್ಟರು. ಬಾಯಿ ಒರೆಸಿದೆ. ಬೆನ್ನು ಸವರಿದೆ.

ಸಂತೆಯ ಟಾರ್ಪಾಲು ಈಗ ಅತ್ತೆಯದೇ. ನಾನು ಬಿಟ್ಟ ಮೇಲೂ ಅವರು ಬಿಡಲಿಲ್ಲ. ತೂಗುವುದೂ ಅವರೇ, ಕೊಸರು ಹಾಕುವುದೂ ಅವರೇ. ರಜೆ ಸಿಕ್ಕಿದ ಒಂದು ದಿನ ಕ್ಲಿನಿಕ್ಕಿನ ಜೊತೆಗಾತಿಗೆಂದು ಒಂದು ಕೆಜಿ ಅವರೆಕಾಯಿ ಕೊಳ್ಳಲು ಹೋದೆ. ಹಾರೋಹಳ್ಳಿಗೆ ಕಳಿಸಲು ಸೌತೆಕಾಯಿಯೂ ಬೇಕಿತ್ತು. ಸಾಲಿನಲ್ಲಿ ನನ್ನ ಸರದಿ ಬಂತು. ಅತ್ತೆ ತೂಗಿದರು. ಮುಳ್ಳು ನೆಟ್ಟಗೆ ನಿಂತಿತು. ಚೀಲಕ್ಕೆ ಸುರಿದರು.

ನಾನು ಚೀಲ ತೆರೆದುಕೊಂಡೇ ನಿಂತೆ.

‘ಏನು?’ ಎಂದರು ಅತ್ತೆ, ತಲೆ ಎತ್ತದೆ.

‘ಕೊಸ್ರು?’

‘ಮನೆಯೋರ್ಗೆ ಎಂತಾ ಕೊಸ್ರಮ್ಮಿ? ನಡಿ ಅತ್ಲಾಗೆ, ಗಿರಾಕಿ ಕಾಯ್ತಾವ್ರೆ.’

ಪಕ್ಕಕ್ಕೆ ಸರಿದು, ಅವರ ಕಂಬಳಿಯ ಒಂದು ತುದಿಯಲ್ಲಿ ಕೂತೆ. ಸಂಜೆಯವರೆಗೂ ತೂಗಿಕೊಟ್ಟೆ.